ಮದುವೆಯಿಂದ ಮುಂದಣ ಕಥೆ

ಅಜ್ಜಿಕಥೆಗೆ ಮದುವೆಯೇ ಮುಕ್ತಾಯ. ರಾಜಕುಮಾರಿಯ ಕಷ್ಟಗಳೆಲ್ಲ ತೀರಿ ರಾಜಕುಮಾರನು ಅವಳ ಕೈಹಿಡಿದನೆಂದರೆ ಕೇಳುತ್ತಿದ್ದ ಮಗುವು ಕಣ್ಣುಮುಚ್ಚಿ ಮಲಗಬೇಕಾದುದೇ ಸರಿ. ಮುಂದೇನಾಯಿತೆಂದು ಕೇಳುವ ಮಕ್ಕಳು ಇಲ್ಲದಿಲ್ಲ. ಅಂಥವರಿಗೆ ಎಲ್ಲರೂ ಸುಖವಾಗಿದ್ದರೆಂಬ ಒಂದೇ ಮಾತಿನ ಉತ್ತರವನ್ನು ಕೊಟ್ಟು ದೀಪವನ್ನು ಆರಿಸುವುದು ಲೋಕರೂಢಿ. ಈ ರೂಢಿಯನ್ನು ಬಿಟ್ಟು ಅಮೆರಿಕದ ವಾಲ್ಟ್ ಡಿಸ್ನಿ ಸಂಸ್ಥೆಯವರು ತಮ್ಮ ಅನಿಮೇಷನ್ ಚಿತ್ರಗಳ ರಾಜಕುಮಾರಿಯರನ್ನು ಮತ್ತೆ ಕರೆತಂದು, ಮುಗಿದ ಕಥೆಗಳಿಗೆ ಉತ್ತರಕಥೆಗಳನ್ನು ಕಟ್ಟಲಾರಂಭಿಸಿದರು. ೧೯೯೪ರಲ್ಲಿ ಅಲ್ಲಾದೀನನ ಕಥೆಯನ್ನು ಮುಂದುವರಿಸಿದ ‘ದಿ ರಿಟರ್ನ್ ಆಫ್ ಜಾಫರ್’ ಇವುಗಳಲ್ಲಿ ಮೊದಲನೆಯದು. ಅದು ಚಿತ್ರಮಂದಿರವನ್ನು ಕಾಣದೆ ನೇರವಾಗಿ ವಿಡಿಯೊ ಕ್ಯಾಸೆಟ್ಟಿನ ರೂಪದಲ್ಲಿ ಮನೆಗಳಿಗೆ ಹೋಯಿತು. ಹೇರಳವಾಗಿ ಮಾರಾಟವೂ ಆಯಿತು. ಅಲ್ಲಿಂದ ಮುಂದಿನ ಹದಿನಾಲ್ಕು ವರ್ಷಗಳಲ್ಲಿ ಬೆಲ್, ಪೊಕಹಾಂಟಸ್, ಮತ್ಸ್ಯಕನ್ಯೆ ಏರಿಯಲ್, ಸಿಂಡರೆಲ್ಲಾ, ಮುಲಾನ್ ಇವರೆಲ್ಲರಿಗೂ ಒಂದೊಂದು, ಕೆಲವರಿಗೆ ಎರಡೆರಡು ಮುಂಗಥೆ ಹಿಂಗಥೆಗಳು ಹುಟ್ಟಿಕೊಂಡವು.

ಈ ವರ್ಗದ ಚಿತ್ರಗಳ ವಿಷಯದಲ್ಲಿ ವಿಮರ್ಶಕರ ತೀರ್ಪು ಬಹುಮಟ್ಟಿಗೆ ಒಂದೇ. ಇವು ವ್ಯಾಪಾರದ ಸರಕು. ಮುಖ್ಯ ಚಿತ್ರಶಾಲೆಯ ನುರಿತ ಕೈಗಳು ಇವನ್ನು ಮುಟ್ಟಲಿಲ್ಲ. ರೇಖೆ ಬಡವಾಯಿತು, ಬಣ್ಣ ತೆಳುವಾಯಿತು, ಹಾಡು ಸಪ್ಪೆಯಾಯಿತು. ಆದಕಾರಣ ಇವು ಕೀಳು ಎಂಬುದು ಆ ತೀರ್ಪಿನ ಸಾರ. ಇದರಲ್ಲಿ ಹೇಳಿರುವ ಸಂಗತಿಗಳು ನಿಜ. ೧೯೫೦ರ ‘ಸಿಂಡರೆಲ್ಲಾ’ದಲ್ಲಿ ಹರಕು ಉಡುಪು ಬೆಳ್ಳಿಯ ಬೆಳಕಾಗಿ ಮಾರ್ಪಡುವ ಗಳಿಗೆಯನ್ನೂ, ೨೦೦೨ರ ಉತ್ತರಕಥೆಯ ಯಾವುದಾದರೊಂದು ನೋಟವನ್ನೂ ಒಂದರ ಪಕ್ಕದಲ್ಲೊಂದಿಟ್ಟು ನೋಡಿದವರಿಗೆ ಬೇರೆ ಪ್ರಮಾಣ ಬೇಕಾಗಲಾರದು. ಆದರೆ ಸಂಗತಿಗಳು ನಿಜವಾದ ಮಾತ್ರಕ್ಕೆ ಅವುಗಳಿಂದ ತೆಗೆದ ನಿರ್ಣಯವೂ ನಿಜವಾಗಬೇಕಾಗಿಲ್ಲ. ಹಣದ ಕೊರತೆಯೇ ದೋಷದ ಮೂಲವಾಗಿದ್ದರೆ, ಹಣಕ್ಕೆ ಕೊರತೆಯಿಲ್ಲದೆ ಚಿತ್ರಮಂದಿರಕ್ಕೆಂದೇ ತಯಾರಾದ ೨೦೧೯ರ ‘ಫ್ರೋಜನ್’ ಚಿತ್ರದ ಉತ್ತರಭಾಗವು ನಿರ್ದುಷ್ಟವಾಗಬೇಕಾಗಿತ್ತು. ಅದೇ ಬಡ ಕಮ್ಮಟದಿಂದ ೨೦೦೭ರಲ್ಲಿ ಹೊರಬಂದ ಸಿಂಡರೆಲ್ಲಾಳ ಮೂರನೆಯ ಚಿತ್ರವು ಉಳಿದವುಗಳಂತೆಯೇ ಸೋಲಬೇಕಾಗಿತ್ತು. ಹಾಗಾಗಲಿಲ್ಲ. ಉತ್ತರಕಥೆಯ ಗುಣದೋಷಗಳನ್ನು ಅಳೆಯಲು ಬೇರೊಂದು ಮಾನದಂಡವನ್ನು ಹುಡುಕಬೇಕಾಗಿದೆ.

ಆ ಮಾನದಂಡವು ಭಾರತೀಯ ಶಾಸ್ತ್ರದಲ್ಲಿಯೇ ದೊರೆಯುತ್ತದೆ. ಪದಗಳ ಗುಂಪು ವಾಕ್ಯವೆನಿಸಬೇಕಾದರೆ ಅದಕ್ಕೆ ಆಕಾಂಕ್ಷೆ ಬೇಕೆಂದು ಮೀಮಾಂಸಕರೂ ವೈಯಾಕರಣರೂ ಹೇಳುತ್ತಾರೆ: ಒಂದು ಪದವನ್ನು ಕೇಳಿದೊಡನೆ ಮನಸ್ಸು ಮತ್ತೊಂದನ್ನು ನಿರೀಕ್ಷಿಸಬೇಕು, ಆ ನಿರೀಕ್ಷೆ ಇಲ್ಲದ ಕಡೆ ಪದಗಳು ಎಷ್ಟಿದ್ದರೂ ಅದು ಪಟ್ಟಿಯೇ ಹೊರತು ವಾಕ್ಯವಲ್ಲ. ಕಥೆಗೂ ಉತ್ತರಕಥೆಗೂ ಇರುವ ಸಂಬಂಧ ಇಂಥದೇ. ಮೊದಲ ಕಥೆಯು ಮುಗಿದಂತೆ ತೋರಿದರೂ ಯಾವುದೋ ಒಂದನ್ನು ಕೇಳದೆ ಬಿಟ್ಟಿರಬೇಕು. ಎರಡನೆಯದು ಅದನ್ನು ಕೇಳಬೇಕು. ರಾಜಕುಮಾರಿಯ ಹೆಸರನ್ನೂ ಮುಖವನ್ನೂ ಉಡುಪಿನ ಬಣ್ಣವನ್ನೂ ಮಾತ್ರ ಹಿಂದಿನ ಚಿತ್ರದಿಂದ ಎರವಲು ತಂದು, ಅವಳ ಮುಂದೆ ಹೊಸದೊಂದು ಕೇಡಿಗನನ್ನು ನಿಲ್ಲಿಸಿದರೆ ಅದು ಎರಡನೆಯ ಪಟ್ಟಿಯಾಗುತ್ತದೆ.

ಮದುವೆಯಾದ ಮೇಲೆ ಕೇಳುವುದಕ್ಕೆ ಏನೂ ಉಳಿದಿಲ್ಲವೆಂಬುದು ಅಜ್ಜಿಕಥೆಗಳ ಮೂಲಸ್ವಭಾವವೆಂದು ಹಲವರು ತಿಳಿದಿದ್ದಾರೆ. ಇತಿಹಾಸವು ಹಾಗೆ ಹೇಳುವುದಿಲ್ಲ. ೧೬೯೭ರಲ್ಲಿ ಫ್ರಾನ್ಸಿನ ಷಾರ್ಲ್ ಪೆರೋ ಪ್ರಕಟಿಸಿದ ನಿದ್ರಿತ ಸುಂದರಿಯ ಕಥೆಯಲ್ಲಿ ಸುಂದರಿಯು ಎಚ್ಚರಗೊಂಡುದು ಅರ್ಧಭಾಗ ಮಾತ್ರ. ರಾಜಕುಮಾರನು ಆ ಮದುವೆಯನ್ನು ತಾಯಿಗೆ ತಿಳಿಸದೆ ಮುಚ್ಚಿಡುತ್ತಾನೆ, ಏಕೆಂದರೆ ಆಕೆ ರಾಕ್ಷಸಕುಲದವಳು. ಸೊಸೆಯನ್ನೂ ಇಬ್ಬರು ಮೊಮ್ಮಕ್ಕಳನ್ನೂ ಅಡಿಗೆ ಮಾಡಿ ಬಡಿಸೆಂದು ಅವಳು ಬಾಣಸಿಗನಿಗೆ ಅಪ್ಪಣೆ ಕೊಡುವುದೂ, ಅವನು ಅವರನ್ನು ಬಚ್ಚಿಟ್ಟು ಪ್ರಾಣಿಗಳ ಮಾಂಸವನ್ನು ಬಡಿಸುವುದೂ ಉಳಿದರ್ಧ. ಗ್ರಿಮ್ ಸಹೋದರರು ೧೮೧೨ರಲ್ಲಿ ಈ ಭಾಗವನ್ನು ಇಟ್ಟುಕೊಳ್ಳದೆ ಮದುವೆಗೇ ಕಥೆಯನ್ನು ಮುಗಿಸಿದರು. ೧೯೫೯ರ ಡಿಸ್ನಿ ಚಿತ್ರವೂ ಹಾಗೆಯೇ ನೃತ್ಯದಲ್ಲಿ ಮುಗಿಯುತ್ತದೆ. ಅದರ ನಾಯಿಕೆಗೆ ಇಟ್ಟ ಅರೋರಾ ಎಂಬ ಹೆಸರು ಪೆರೋವಿನ ಕಥೆಯಲ್ಲಿ ಅವಳ ಮಗಳದು. ಚೈಕೋವ್‌ಸ್ಕಿಯ ೧೮೯೦ರ ನೃತ್ಯರೂಪಕದಲ್ಲಿಯೇ ಅದು ತಾಯಿಗೆ ಬಂದಿತ್ತು. ಉತ್ತರಕಥೆ ಹೋಯಿತು, ಅದರಲ್ಲಿದ್ದ ಮಗುವಿನ ಹೆಸರು ಮಾತ್ರ ತಾಯಿಯ ಮೇಲೆ ಉಳಿಯಿತು. ಸುಂದರಿ ಮತ್ತು ಮೃಗದ ಕಥೆಯದೂ ಇದೇ ಚರಿತ್ರೆ. ೧೭೪೦ರಲ್ಲಿ ಶ್ರೀಮತಿ ವಿಲ್‌ನವ್ ಬರೆದ ದೀರ್ಘಕಥೆಯಲ್ಲಿ ಮೃಗವು ಮನುಷ್ಯನಾದ ಬಳಿಕ ಅವನ ತಾಯಿಯಾದ ರಾಣಿಯು ವರ್ತಕನ ಮಗಳು ತನಗೆ ಸೊಸೆಯಾಗಲಾರಳೆಂದು ಹಟ ಹಿಡಿಯುತ್ತಾಳೆ. ೧೭೫೬ರಲ್ಲಿ ಶ್ರೀಮತಿ ಬೋಮೊಂ ಇದನ್ನು ಸಂಗ್ರಹಿಸುವಾಗ ಆ ಭಾಗವೆಲ್ಲ ಬಿದ್ದುಹೋಯಿತು. ಕನ್ನಡ ನಾಡಿನಲ್ಲಿ ಎ. ಕೆ. ರಾಮಾನುಜನ್ ಅವರು ಸಂಗ್ರಹಿಸಿದ, ಹೂಮರವಾಗಬಲ್ಲ ಹುಡುಗಿಯ ಕಥೆಯನ್ನು ಬಲ್ಲವರಿಗೆ ಇದು ಆಶ್ಚರ್ಯವಲ್ಲ. ಅಲ್ಲಿ ರಾಜಕುಮಾರನೊಡನೆ ಮದುವೆ ಬೇಗನೆಯೇ ಆಗಿಹೋಗುತ್ತದೆ, ಕೈಕಾಲಿಲ್ಲದ ಮೊಂಡುದೇಹವಾಗಿ ಉಳಿಯುವ ದುಃಖವೆಲ್ಲ ಅದರ ಮುಂದಿನದು.

ಹೀಗಿರಲು ಮದುವೆಯಿಂದ ಮುಂದಣ ಕಥೆಯನ್ನು ಹೇಳಹೊರಟವರು ಅಕಾರ್ಯವನ್ನೇನೂ ಮಾಡಲಿಲ್ಲ. ಕತ್ತರಿಸಿ ಎಸೆದಿದ್ದುದನ್ನು ಹುಡುಕುವ ಕೆಲಸ ಅವರ ಪಾಲಿಗೆ ಬಂದಿತ್ತು. ಅವರಲ್ಲಿ ಬಹುಮಂದಿ ಆ ಕಡೆಗೆ ತಿರುಗಿಯೂ ನೋಡಲಿಲ್ಲವೆಂಬುದೇ ಮುಖ್ಯವಾದ ಆಕ್ಷೇಪ.

೧೯೯೧ರ ‘ಬ್ಯೂಟಿ ಅಂಡ್ ದಿ ಬೀಸ್ಟ್’ ಚಿತ್ರದ ಮುಂದುವರಿಕೆಗಳನ್ನೇ ನೋಡಬಹುದು. ೧೯೯೭ರ ಕ್ರಿಸ್‌ಮಸ್ ಕಥೆಯಾಗಲಿ, ೧೯೯೮ರಲ್ಲಿ ಬಂದ ಬಿಡಿಕಥೆಗಳ ಕಟ್ಟಾಗಲಿ ಮೂಲದ ಅಂತ್ಯದಿಂದ ಮುಂದಕ್ಕೆ ಹೋಗುವುದಿಲ್ಲ; ಎರಡೂ ಹಿಂದಕ್ಕೆ ಬಂದು, ಬೆಲ್ ಇನ್ನೂ ಕೋಟೆಯಲ್ಲಿ ಸೆರೆಯಾಗಿದ್ದ ದಿನಗಳ ನಡುವೆ ನುಸುಳುತ್ತವೆ. ಕಾರಣವನ್ನು ಊಹಿಸುವುದು ಕಷ್ಟವಲ್ಲ. ಪ್ರೇಕ್ಷಕರು ಒಲಿದುದು ಮೃಗಕ್ಕೆ; ಕೊನೆಯ ಕ್ಷಣದಲ್ಲಿ ಬೆಳಕಿನೊಳಗಿಂದ ಇಳಿದುಬಂದ ಹೊಂಗೂದಲಿನ ತರುಣನು ಅವರಿಗೆ ಅಪರಿಚಿತ. ದೀಪವೂ ಗಡಿಯಾರವೂ ಚಹದ ಪಾತ್ರೆಯೂ ಮನುಷ್ಯರಾಗಿಬಿಟ್ಟ ಮನೆಯಲ್ಲಿ ಮಾರುವುದಕ್ಕೆ ಏನೂ ಇಲ್ಲ. ಮೃಗವನ್ನು ಪ್ರೀತಿಸಿದವಳು ಮನುಷ್ಯನೊಡನೆ ಹೇಗೆ ಬಾಳಿದಳೆಂಬುದು ಎಂಥ ಆಕಾಂಕ್ಷೆ! ಅದರ ಇದಿರಿನಿಂದ ಇಬ್ಬರು ನಿರ್ಮಾಪಕರೂ ಓಡಿಹೋಗಿದ್ದಾರೆ. ಆದರೂ ೧೯೯೭ರ ಚಿತ್ರದಲ್ಲಿ ಒಂದು ಪಾತ್ರ ನೆನಪಿನಲ್ಲಿ ನಿಲ್ಲುವಂಥದು. ಫೋರ್ಟೆ ಎಂಬ ಆಸ್ಥಾನ ಸಂಗೀತಗಾರನು ಶಾಪದಿಂದ ದೊಡ್ಡದೊಂದು ಆರ್ಗನ್ ವಾದ್ಯವಾಗಿ ಗೋಡೆಗೆ ಅಂಟಿಕೊಂಡಿದ್ದಾನೆ. ಶಾಪ ತೀರುವುದು ಅವನಿಗೆ ಬೇಡ, ಏಕೆಂದರೆ ಸುಖವಾಗಿದ್ದಾಗ ಒಡೆಯನು ಅವನನ್ನು ಕೇಳುತ್ತಿರಲಿಲ್ಲ, ದುಃಖ ಬಂದ ಮೇಲೆ ಅವನ ಸಂಗೀತವೊಂದೇ ಒಡೆಯನಿಗೆ ಸಮಾಧಾನವಾಯಿತು. ಇನ್ನೊಬ್ಬರ ದುಃಖದಿಂದಲೇ ತನ್ನ ಬೆಲೆಯನ್ನು ಕಂಡುಕೊಂಡವನು ಈತ. ಇಂಥವನನ್ನು ಸೃಷ್ಟಿಸಿದ ಚಿತ್ರವು ಅವನನ್ನು ಕೋಟೆಯನ್ನು ಕೆಡವಹೊರಟ ಸಾಮಾನ್ಯ ದುಷ್ಟನನ್ನಾಗಿ ಮುಗಿಸಿದುದು ವಿಷಾದಕರ.

ಪೊಕಹಾಂಟಸಳ ಉತ್ತರಕಥೆಯ ವಿಷಯದಲ್ಲಿ ಹೆಚ್ಚು ಹೇಳಬೇಕಾದುದಿಲ್ಲ. ಅಲ್ಲಿ ಉತ್ತರಭಾಗವನ್ನು ಕಲ್ಪಿಸುವ ಹೊರೆಯೇ ಇರಲಿಲ್ಲ. ಚರಿತ್ರೆಯೇ ಅದನ್ನು ಬರೆದಿಟ್ಟಿತ್ತು. ೧೬೧೪ರಲ್ಲಿ ಜಾನ್ ರಾಲ್ಫನನ್ನು ಮದುವೆಯಾಗಿ, ೧೬೧೬ರಲ್ಲಿ ಇಂಗ್ಲೆಂಡಿಗೆ ಹೋಗಿ, ತಾಯ್ನಾಡಿಗೆ ಮರಳಲಾರದೆ ೧೬೧೭ರಲ್ಲಿ ಗ್ರೇವ್ಸೆಂಡಿನಲ್ಲಿ ಅವಳು ತೀರಿಕೊಂಡಳು. ೧೯೯೮ರ ಚಿತ್ರವು ಅವಳನ್ನು ಲಂಡನ್ನಿಗೆ ಕರೆದೊಯ್ದು ನೃತ್ಯ ಮಾಡಿಸಿ, ಕ್ಷೇಮವಾಗಿ ಹಡಗು ಹತ್ತಿಸಿ ಊರಿಗೆ ಕಳಿಸುತ್ತದೆ. ಶೋಕಾಂತವಾದುದನ್ನು ಸುಖಾಂತ ಮಾಡುವ ಸ್ವಾತಂತ್ರ್ಯ ಕವಿಗೆ ಇಲ್ಲವೆಂದಲ್ಲ. ಆದರೆ ನಿಜವಾಗಿ ಬಾಳಿದ ಹೆಣ್ಣೊಬ್ಬಳ ಮರಣವನ್ನು ಅಳಿಸಿ ಅದರ ಸ್ಥಾನದಲ್ಲಿ ಇಟ್ಟುದು ಇಷ್ಟು ಹಗುರವಾಗಿರಬಾರದಾಗಿತ್ತು. ಮುಲಾನಳ ಎರಡನೆಯ ಚಿತ್ರವು ಮೊದಲಿನದರಲ್ಲಿ ಅವಳು ಸಂಪಾದಿಸಿದ ಗೌರವವನ್ನು ಬದಿಗಿಟ್ಟು ಅವಳ ಲಗ್ನ ಕೂಡುವುದೋ ಮುರಿಯುವುದೋ ಎಂಬ ಕುಚೇಷ್ಟೆಯಲ್ಲಿ ಕಾಲ ಕಳೆಯುತ್ತದೆ.

ಮತ್ಸ್ಯಕನ್ಯೆಯ ಉತ್ತರಕಥೆಯಲ್ಲಿ ಸ್ವಲ್ಪ ನಿಲ್ಲಬೇಕಾಗಿದೆ, ಏಕೆಂದರೆ ಅದು ಸೋತುದು ಬೀಜದ ದೋಷದಿಂದಲ್ಲ. ಆಂಡರ್ಸನನು ೧೮೩೭ರಲ್ಲಿ ಬರೆದ ಕಥೆಯಲ್ಲಿ ಮತ್ಸ್ಯಕನ್ಯೆಗೆ ಮದುವೆಯಿಲ್ಲ. ರಾಜಕುಮಾರನು ಬೇರೊಬ್ಬಳ ಕೈಹಿಡಿಯುತ್ತಾನೆ, ಇವಳು ಸಮುದ್ರದ ನೊರೆಯಾಗಿ ಕರಗಿ, ವಾಯುಪುತ್ರಿಯರ ಗುಂಪಿಗೆ ಸೇರುತ್ತಾಳೆ. ೧೯೮೯ರ ಡಿಸ್ನಿ ಚಿತ್ರವು ಇದನ್ನು ಬದಲಿಸಿ ಅವಳಿಗೆ ಕಾಲುಗಳನ್ನೂ ಗಂಡನನ್ನೂ ಶಾಶ್ವತವಾಗಿ ಕೊಟ್ಟಿತು. ಆ ಕೊಡುಗೆಯ ಬೆಲೆಯೇನೆಂಬುದು ಅಲ್ಲಿ ಕೇಳದೆ ಉಳಿದ ಪ್ರಶ್ನೆ; ತಂದೆಯನ್ನೂ ನೀರನ್ನೂ ಬಿಟ್ಟುಬಂದವಳು ನೆಲದ ಮೇಲೆ ಎಂಥ ತಾಯಿಯಾದಾಳು? ೨೦೦೦ದಲ್ಲಿ ಬಂದ ಚಿತ್ರವು ಈ ಪ್ರಶ್ನೆಯ ಬಾಗಿಲನ್ನು ಸರಿಯಾಗಿಯೇ ತಟ್ಟುತ್ತದೆ. ಸತ್ತ ಮಾಯಾವಿನಿಯ ತಂಗಿ ಮಾರ್ಗಾನಾ ಕೂಸಿಗೆ ಕೇಡು ಬಗೆದಳೆಂಬ ಭಯದಿಂದ ಏರಿಯಲ್ ಅರಮನೆಗೂ ಕಡಲಿಗೂ ನಡುವೆ ಗೋಡೆ ಕಟ್ಟಿಸುತ್ತಾಳೆ. ಮಗಳು ಮೆಲಡಿಗೆ ಹನ್ನೆರಡು ವರ್ಷ ತುಂಬುವವರೆಗೂ ತಾನು ಯಾವ ಲೋಕದವಳೆಂಬುದನ್ನು ತಿಳಿಸುವುದಿಲ್ಲ. ನೆಲದ ಆಸೆಯನ್ನು ಮಗಳಿಗೆ ನಿಷೇಧಿಸಿದ ತಂದೆಯೊಡನೆ ಹೋರಾಡಿದವಳು ಈಗ ನೀರಿನ ಆಸೆಯನ್ನು ತನ್ನ ಮಗಳಿಗೆ ನಿಷೇಧಿಸುತ್ತಾಳೆ. ತಾನು ದ್ವೇಷಿಸಿದ ಕಟ್ಟಳೆಯನ್ನು ಪ್ರೀತಿಯ ಹೆಸರಿನಲ್ಲಿ ತಾನೇ ವಿಧಿಸುವ ಸ್ಥಿತಿಗೆ ಮನುಷ್ಯರು ಬರುತ್ತಾರೆಂಬುದು ದೊಡ್ಡ ಕಾದಂಬರಿಗೂ ಸಾಕಾಗುವ ವಸ್ತು.

ಆದರೆ ಇಷ್ಟನ್ನು ಹಿಡಿದ ಕೈ ಇದನ್ನು ಹತ್ತು ನಿಮಿಷದಲ್ಲಿ ಕೈಬಿಡುತ್ತದೆ. ಮಾರ್ಗಾನಾ ತನ್ನ ಅಕ್ಕನ ಪ್ರತಿಬಿಂಬ. ಅವಳು ಮೆಲಡಿಯೊಡನೆ ಮಾಡುವ ಕರಾರು ಹಿಂದಿನ ಕರಾರಿನ ಪ್ರತಿಬಿಂಬ. ಕಡಲರಸನ ತ್ರಿಶೂಲವು ಹಿಂದಿನಂತೆಯೇ ಕೇಡಿಗಳ ಕೈಸೇರಿ ಹಿಂದಿನಂತೆಯೇ ಒಡೆಯನಿಗೆ ಮರಳುತ್ತದೆ. ತಾಯಿಯ ಕಥೆಯ ಘಟನೆಗಳನ್ನು ಅದೇ ಕ್ರಮದಲ್ಲಿ ಮಗಳಿಗೆ ತೊಡಿಸಿದ್ದರಿಂದ ತಾಯಿಗೆ ಮಾಡಲು ಏನೂ ಉಳಿಯಲಿಲ್ಲ. ಏರಿಯಲ್ ಮಗಳನ್ನು ಹುಡುಕುತ್ತ ಮತ್ತೆ ಮತ್ಸ್ಯರೂಪವನ್ನು ತಾಳಿ ನೀರಿಗಿಳಿಯುವ ಗಳಿಗೆ ಈ ಚಿತ್ರದ ಹೃದಯವಾಗಬೇಕಾಗಿತ್ತು. ತೊರೆದ ಮನೆಗೆ ತೊರೆದ ದೇಹದಲ್ಲಿ ಹಿಂದಿರುಗುವುದು ಎಂಥ ಅನುಭವ! ಅವಳು ಆ ನೀರಿನಲ್ಲಿ ಒಂದು ಕ್ಷಣ ಸಂತೋಷಪಟ್ಟಳೇ, ಸಂತೋಷಪಟ್ಟುದಕ್ಕಾಗಿ ನಾಚಿದಳೇ? ಚಿತ್ರಕ್ಕೆ ಪುರಸತ್ತಿಲ್ಲ, ಪೆಂಗ್ವಿನ್ ಹಕ್ಕಿಯೂ ಕಡಲಸಿಂಹದಂಥ ವಾಲ್ರಸ್ಸೂ ನಗಿಸುವುದಕ್ಕೆ ಕಾದಿವೆ. ಸುಳ್ಳು ಹೇಳಿದ ತಾಯಿಗೂ ಮೋಸಹೋದ ಮಗಳಿಗೂ ಆಗಬೇಕಾಗಿದ್ದ ಮಾತು ಕೆಲವೇ ವಾಕ್ಯಗಳಲ್ಲಿ ತೀರುತ್ತದೆ. ಗೋಡೆಯನ್ನು ಕರಗಿಸುವ ಕೊನೆಯ ನೋಟವು ಅಂದವಾಗಿದೆ. ಅದನ್ನು ಕರಗಿಸುವವಳು ಮಗಳು. ಕಟ್ಟಿಸಿದವಳು ನಿಂತು ನೋಡುತ್ತಾಳೆ. ಮಗಳಿಗೆ ಆ ಕೆಲಸವನ್ನು ಕೊಟ್ಟುದು ತಪ್ಪಲ್ಲ, ಕಟ್ಟಿಸಿದವಳ ಮನಸ್ಸನ್ನು ಆ ಹೊತ್ತಿನಲ್ಲಿಯಾದರೂ ತೋರಿಸದಿರುವುದು ತಪ್ಪು.

ಸಿಂಡರೆಲ್ಲಾಳಿಗೆ ಎರಡು ಉತ್ತರಕಥೆಗಳುಂಟು. ೨೦೦೨ರಲ್ಲಿ ಬಂದ ಮೊದಲನೆಯದು ಮೂರು ಬಿಡಿಕಥೆಗಳ ಹೊಲಿಗೆ. ರಾಣಿವಾಸದ ಶಿಷ್ಟಾಚಾರವನ್ನು ಕಲಿಯಲಾರದೆ ಸಿಂಡರೆಲ್ಲಾ ತನ್ನ ರೀತಿಯಲ್ಲಿಯೇ ಔತಣ ನಡೆಸುವುದು ಒಂದು, ಇಲಿಯೊಂದು ಮನುಷ್ಯನಾಗಿ ಪಶ್ಚಾತ್ತಾಪಪಡುವುದು ಇನ್ನೊಂದು. ಮೂರನೆಯದರಲ್ಲಿ ಮಲತಾಯಿಯ ಕಿರಿಯ ಮಗಳು ಅನಾಸ್ಟೇಸಿಯಾ ಒಬ್ಬ ರೊಟ್ಟಿಯಂಗಡಿಯವನಿಗೆ ಮನಸೋಲುತ್ತಾಳೆ. ಮೂರೂ ಕಥೆಗಳು ಮಕ್ಕಳಿಗೆ ಹೇಳುವ ಬುದ್ಧಿವಾದಗಳು. ಮೊದಲ ಚಿತ್ರವು ಬಿಟ್ಟುಹೋದ ಯಾವುದನ್ನೂ ಅವು ಕೇಳುವುದಿಲ್ಲ. ಅನಾಸ್ಟೇಸಿಯಾಳ ಕಡೆಗೆ ಹರಿಸಿದ ಕನಿಕರವೊಂದು ಮಾತ್ರ ವ್ಯರ್ಥವಾಗಲಿಲ್ಲ; ಐದು ವರ್ಷಗಳ ಮೇಲೆ ಅದು ಫಲಿಸಿತು.

೨೦೦೭ರ ಮೂರನೆಯ ಚಿತ್ರವನ್ನು ನಿರ್ದೇಶಿಸಿದವನು ಫ್ರಾಂಕ್ ನಿಸೆನ್. ಅದರ ಉಪಕ್ರಮವೇ ಚತುರವಾಗಿದೆ. ಮದುವೆಯಾಗಿ ಒಂದು ವರ್ಷ ತುಂಬಿದ ದಿನ, ದೇವತೆಯ ಮಂತ್ರದಂಡವು ಮಲತಾಯಿ ಲೇಡಿ ಟ್ರಿಮೇನಳ ಕೈಗೆ ಸಿಕ್ಕಿಬಿಡುತ್ತದೆ. ಅವಳು ಅದರಿಂದ ಚಿನ್ನವನ್ನು ಬೇಡುವುದಿಲ್ಲ, ಸಿಂಡರೆಲ್ಲಾಳನ್ನು ಕೊಲ್ಲುವುದಿಲ್ಲ. ಕಾಲವನ್ನೇ ಹಿಂದಕ್ಕೆ ತಿರುಗಿಸಿ ಪಾದರಕ್ಷೆಯ ಪರೀಕ್ಷೆ ನಡೆದ ಬೆಳಗಿಗೆ ಹೋಗಿ, ಗಾಜಿನ ಪಾದರಕ್ಷೆಯನ್ನು ಅನಾಸ್ಟೇಸಿಯಾಳ ಕಾಲಿಗೆ ಸರಿಹೋಗುವಂತೆ ಹಿಗ್ಗಿಸುತ್ತಾಳೆ. ಈ ಒಂದು ಯುಕ್ತಿಯಿಂದ ೧೯೫೦ರ ಚಿತ್ರದ ಅತ್ಯಂತ ದುರ್ಬಲವಾದ ಕೀಲು ಬಯಲಾಗುತ್ತದೆ. ಅಲ್ಲಿ ರಾಜಕುಮಾರನಿಗೆ ಹೆಸರಿಲ್ಲ, ಮಾತೂ ವಿರಳ. ಪ್ರಿಯೆಯನ್ನು ಹುಡುಕಲು ಅವನು ತಾನಾಗಿ ಹೊರಡುವುದಿಲ್ಲ, ಸಾಮಂತನೊಬ್ಬನು ಪಾದರಕ್ಷೆಯನ್ನು ದಿಂಬಿನ ಮೇಲಿಟ್ಟುಕೊಂಡು ಮನೆಮನೆ ತಿರುಗುತ್ತಾನೆ. ಪಾದರಕ್ಷೆ ಯಾರಿಗೆ ಸರಿಹೋಗುವುದೋ ಅವಳೇ ವಧು. ಹಾಗಾದರೆ ರಾಜಕುಮಾರನು ಒಲಿದುದು ಯಾರಿಗೆ, ಯಾವುದಕ್ಕೆ? ಒಂದು ರಾತ್ರಿ ಕುಣಿದವಳ ಮುಖವನ್ನು ಹಗಲಿನಲ್ಲಿ ಗುರುತಿಸಲಾರದವನ ಪ್ರೇಮ ಎಂಥದು? ಐವತ್ತೇಳು ವರ್ಷ ಯಾವ ಪ್ರೇಕ್ಷಕನೂ ಗಟ್ಟಿಯಾಗಿ ಕೇಳದಿದ್ದ ಈ ಪ್ರಶ್ನೆಯನ್ನು ಚಿತ್ರದೊಳಗೆ ಕೇಳಿದವಳು ಮಲತಾಯಿ. ಕೇಡಿನ ಬುದ್ಧಿಯು ಇಲ್ಲಿ ವಿಮರ್ಶಕನ ಕೆಲಸವನ್ನು ಮಾಡಿದೆ.

ಇದು ನಿರ್ಮಾಪಕರ ಬರಿಯ ಕಲ್ಪನೆಯೂ ಅಲ್ಲ. ಗ್ರಿಮ್ ಸಹೋದರರ ಪಾಠದಲ್ಲಿ ಮಲತಾಯಿಯ ಮಕ್ಕಳಿಬ್ಬರೂ ಒಬ್ಬಳು ಕಾಲ್ಬೆರಳನ್ನೂ ಒಬ್ಬಳು ಹಿಮ್ಮಡಿಯನ್ನೂ ಕತ್ತರಿಸಿಕೊಂಡು ಪಾದರಕ್ಷೆಯೊಳಗೆ ಕಾಲು ತೂರಿಸುತ್ತಾರೆ. ರಾಜಕುಮಾರನು ಎರಡು ಸಲವೂ ಮೋಸಹೋಗಿ ಸುಳ್ಳು ವಧುವನ್ನು ಕುದುರೆಯ ಮೇಲೆ ಕೂರಿಸಿಕೊಂಡು ಹೊರಡುತ್ತಾನೆ. ಪಾದರಕ್ಷೆಯಲ್ಲಿ ರಕ್ತವಿದೆಯೆಂದು ಹಕ್ಕಿಗಳು ಕೂಗಿ ಹೇಳಿದ ಮೇಲೆಯೇ ಅವನಿಗೆ ತಿಳಿಯುವುದು. ಪೆರೋವಿನ ಸೌಮ್ಯವಾದ ಕಥೆಯನ್ನು ಅನುಸರಿಸಿದ ೧೯೫೦ರ ಚಿತ್ರಕ್ಕೆ ಈ ಅಂಶ ಬೇಕಾಗಿರಲಿಲ್ಲ. ಸುಳ್ಳು ವಧುವಿನ ಆಶಯವು ಅಲ್ಲಿಂದ ಹೊರಗುಳಿದು, ಉತ್ತರಕಥೆಯಲ್ಲಿ ಬೇರೊಂದು ದಾರಿಯಿಂದ ಮನೆಯೊಳಕ್ಕೆ ಬಂದಿದೆ. ಉತ್ತರಕಥೆಯೆಂಬುದು ಕೆಲವು ಸಲ ಮೂಲದ ಇನ್ನೊಂದು ಪಾಠವೂ ಆಗಬಹುದೆಂಬುದಕ್ಕೆ ಇದು ಒಳ್ಳೆಯ ನಿದರ್ಶನ.

ಸಂಸ್ಕೃತ ನಾಟಕವನ್ನು ಬಲ್ಲವರಿಗೆ ಮುಂದಣ ಸನ್ನಿವೇಶವು ಪರಿಚಿತವಾಗಿಯೇ ತೋರುತ್ತದೆ. ಅರಮನೆಯಲ್ಲಿ ಅನಾಸ್ಟೇಸಿಯಾಳನ್ನು ಕಂಡ ರಾಜಕುಮಾರನು ಇವಳು ಆ ರಾತ್ರಿಯವಳಲ್ಲವೆಂದು ಒಡನೆಯೇ ಹೇಳುತ್ತಾನೆ. ಆಗ ಮಲತಾಯಿಯು ಅವನ ನೆನಪನ್ನೇ ಮಂತ್ರದಂಡದಿಂದ ಮಾರ್ಪಡಿಸುತ್ತಾಳೆ. ಸಿಂಡರೆಲ್ಲಾ ಬಂದು ಇದಿರಿನಲ್ಲಿ ನಿಂತಾಗ ಅವಳು ಅವನಿಗೆ ಯಾರೋ ಒಬ್ಬಳು. ದುರ್ವಾಸನ ಶಾಪಕ್ಕೆ ಸಿಕ್ಕಿದ ದುಷ್ಯಂತನ ಸಭೆಯಲ್ಲಿ ಶಕುಂತಲೆ ನಿಂತಿದ್ದುದು ಹೀಗೆಯೇ. ಆದರೆ ಕಾಳಿದಾಸನಲ್ಲಿ ಅಭಿಜ್ಞಾನವಾದ ಉಂಗುರವು ಕಳೆದುಹೋಗಿದ್ದರೂ ಸುಳ್ಳು ಹೇಳುವಂಥದಲ್ಲ; ಸಿಕ್ಕಿದೊಡನೆ ಸತ್ಯವನ್ನು ಹೊರಗೆಡಹುತ್ತದೆ. ಇಲ್ಲಿ ಅಭಿಜ್ಞಾನವಸ್ತುವೇ ಕೆಟ್ಟುಹೋಗಿದೆ. ಪಾದರಕ್ಷೆಯು ಬೇರೆಯವಳ ಪರವಾಗಿ ಸಾಕ್ಷಿ ನುಡಿಯುತ್ತಿದೆ. ಕುರುಹು ಕೆಟ್ಟ ಮೇಲೆ ಗುರುತಿಸುವುದು ಹೇಗೆ? ಕೈಗೆ ಕೈ ತಗುಲಿದಾಗ ರಾಜಕುಮಾರನೊಳಗೆ ಏನೋ ತಡವರಿಸುತ್ತದೆ. ನೆನಪಿಗೆ ಬಾರದುದು ಸ್ಪರ್ಶಕ್ಕೆ ತಿಳಿಯುತ್ತದೆ. ಭವಭೂತಿಯ ‘ಉತ್ತರರಾಮಚರಿತ’ದ ಮೂರನೆಯ ಅಂಕದಲ್ಲಿ ಕಣ್ಣಿಗೆ ಕಾಣದ ಸೀತೆಯ ಕೈ ಸೋಂಕಿದೊಡನೆ ರಾಮನು ಮೂರ್ಛೆಯಿಂದೆದ್ದು ಅದು ಅವಳದೇ ಎಂದು ಅರಿಯುವುದನ್ನು ಈ ಸನ್ನಿವೇಶವು ನೆನಪಿಗೆ ತರುತ್ತದೆ. ಆ ಮಹಾಕೃತಿಯೊಡನೆ ಮಕ್ಕಳ ಚಿತ್ರವೊಂದನ್ನು ತೂಗುವ ಸಾಹಸ ಯಾರಿಗೂ ಬೇಡ. ಆದರೆ ಅದೂ ಒಂದು ಉತ್ತರಕಥೆ, ಮದುವೆಯಿಂದ ಮುಂದಣ ಕಥೆ. ದಾಂಪತ್ಯವು ಮುರಿದ ಮೇಲೆ ಒಬ್ಬರನ್ನೊಬ್ಬರು ಯಾವುದರಿಂದ ಗುರುತಿಸುತ್ತಾರೆಂಬ ಒಂದೇ ಪ್ರಶ್ನೆಗೆ ಎರಡು ಕಡೆಯೂ ಉತ್ತರ ಒಂದೇ ಬಗೆಯಾಗಿರುವುದು ಗಮನಾರ್ಹ.

ಚಿತ್ರದ ಇನ್ನೊಂದು ಸಾಧನೆ ಅನಾಸ್ಟೇಸಿಯಾ. ಅವಳಿಗೆ ಬೇಕಾದುದು ಕಿರೀಟವಲ್ಲ, ತನ್ನನ್ನು ಯಾರಾದರೂ ಪ್ರೀತಿಸಬೇಕೆಂಬುದು. ವೃದ್ಧನಾದ ಅರಸನು ಅವಳನ್ನು ಭಾವೀ ಸೊಸೆಯೆಂದು ನಂಬಿ, ತಾನೂ ತೀರಿಕೊಂಡ ರಾಣಿಯೂ ಮೊದಲು ಕೈಸೋಕಿದಾಗ ಅವರ ನಡುವೆ ಇದ್ದ ಒಂದು ಕಡಲ ಚಿಪ್ಪನ್ನು ಅವಳ ಕೈಗೆ ಕೊಡುತ್ತಾನೆ. ಆ ಚಿಪ್ಪು ಅವಳ ಕೈಯಲ್ಲಿ ಕೆಂಡದಂತಾಗುತ್ತದೆ. ಸಿಂಡರೆಲ್ಲಾಳ ರೂಪವನ್ನೇ ಅವಳಿಗೆ ತೊಡಿಸಿ ಮದುವೆಯ ವೇದಿಕೆಗೆ ತಾಯಿಯು ಕಳಿಸುತ್ತಾಳೆ. ಒಪ್ಪಿಗೆಯ ಮಾತು ಹೇಳಬೇಕಾದ ಗಳಿಗೆಯಲ್ಲಿ ಅವಳು ಒಲ್ಲೆನೆನ್ನುತ್ತಾಳೆ. ಬೇರೊಬ್ಬಳ ಮುಖದಲ್ಲಿ ನಿಂತು ಹೇಳಿದ ಆ ಒಂದು ಮಾತಿನಿಂದ ಅವಳಿಗೆ ಮೊದಲ ಬಾರಿಗೆ ತನ್ನದೇ ಆದ ಮುಖ ಬಂದಂತಾಗುತ್ತದೆ. ಪರರ ಕಣ್ಣಿಗೆ ಹಾಸ್ಯಾಸ್ಪದಳಾಗಿದ್ದವಳನ್ನು ಪ್ರೇಕ್ಷಕನು ಹೀಗೆ ಗೌರವಿಸುವಂತೆ ಮಾಡಿದ ಸಂದರ್ಭ ಈ ಬಳಗದ ಚಿತ್ರಗಳಲ್ಲಿ ಬೇರೊಂದಿಲ್ಲ. ಪೆರೋವಿನ ಸಿಂಡರೆಲ್ಲಾ ಅಕ್ಕಂದಿರನ್ನು ಕ್ಷಮಿಸಿ ಆಸ್ಥಾನದ ಶ್ರೀಮಂತರಿಗೆ ಮದುವೆ ಮಾಡಿಕೊಡುತ್ತಾಳೆ. ಅದು ಮೇಲಿನಿಂದ ಇಳಿದ ಔದಾರ್ಯ. ಇಲ್ಲಿ ಕ್ಷಮೆಗೆ ಅರ್ಹತೆಯನ್ನು ಅನಾಸ್ಟೇಸಿಯಾ ತಾನೇ ಗಳಿಸಿಕೊಳ್ಳುತ್ತಾಳೆ.

ದೋಷಗಳೂ ಇಲ್ಲದಿಲ್ಲ. ಹಾಡುಗಳು ನಿಲ್ಲುವಂಥವಲ್ಲ; ಅಕ್ಕ ಡ್ರಿಜೆಲ್ಲಾ ಹಿಂದಿನಂತೆಯೇ ಬೊಂಬೆ; ರಾಜಕುಮಾರನಿಗೆ ಕೊಟ್ಟ ವಿನೋದಪ್ರಿಯತೆಯು ಕೆಲವು ಕಡೆ ಈ ಕಾಲದ ಹುಡುಗನದು. ತಂದೆಯು ಮೆಟ್ಟಿಲಿಳಿಯಬೇಡವೆಂದು ತಡೆದಾಗ ಅವನು ಕಿಟಕಿಯಿಂದ ಧುಮುಕಿ ಸಿಂಡರೆಲ್ಲಾಳನ್ನು ಗಡೀಪಾರು ಮಾಡುತ್ತಿದ್ದ ಹಡಗಿನವರೆಗೂ ಕುದುರೆಯೋಡಿಸುವುದು ಚಿತ್ರದ ಅತ್ಯಂತ ಉಲ್ಲಾಸದ ಭಾಗವಾದ್ದರಿಂದ ಇದನ್ನು ಮನ್ನಿಸಬಹುದು. ಹೆಚ್ಚು ಗಂಭೀರವಾದ ದೋಷ ಅಂತ್ಯದಲ್ಲಿದೆ. ಕಾಲವು ಮೊದಲಿನ ದಾರಿಗೆ ಮರಳುವುದಿಲ್ಲ; ಹೊಸ ದಾರಿಯಲ್ಲಿಯೇ ಇಬ್ಬರಿಗೂ ಎರಡನೆಯ ಬಾರಿ ಮದುವೆಯಾಗುತ್ತದೆ. ಹಾಗಾದರೆ ಅವರು ಬಾಳಿದ ಆ ಒಂದು ವರ್ಷ ಏನಾಯಿತು? ಮದುವೆಯಿಂದ ಮುಂದಣ ಕಥೆಯೆಂದು ಹೊರಟು, ಮದುವೆಯಿಂದ ಮುಂದಿದ್ದ ಏಕೈಕ ವರ್ಷವನ್ನು ಅಳಿಸಿ, ಮತ್ತೆ ಮದುವೆಗೆ ಬಂದು ನಿಂತಿದೆ. ಅಜ್ಜಿಕಥೆಯ ಹಳೆಯ ಹಿಡಿತವು ಇಷ್ಟು ಬುದ್ಧಿವಂತವಾದ ಚಿತ್ರವನ್ನೂ ಬಿಟ್ಟಿಲ್ಲ. ಆ ಹಿಡಿತವನ್ನು ತಪ್ಪಿಸಿಕೊಂಡುದು ಬೇರೊಂದು ಸಂಸ್ಥೆಯ ಕೃತಿ. ಡ್ರೀಮ್‌ವರ್ಕ್ಸ್‌ನವರು ೨೦೦೪ರಲ್ಲಿ ತಯಾರಿಸಿದ ‘ಶ್ರೆಕ್ ೨’ ಮಧುಚಂದ್ರದಿಂದಲೇ ಆರಂಭವಾಗಿ, ಬ್ರಹ್ಮರಾಕ್ಷಸನಂಥ ಅಳಿಯನನ್ನು ಮಗಳು ತವರಿಗೆ ಕರೆದುಕೊಂಡು ಬಂದಾಗಿನ ಊಟದ ಮೇಜನ್ನೇ ರಣರಂಗವಾಗಿ ಮಾಡುತ್ತದೆ. ಅಳಿಯನ ಕುರೂಪವನ್ನು ಸಹಿಸದ ಮಾವನು ತಾನೇ ಒಂದು ಕಾಲದಲ್ಲಿ ಕಪ್ಪೆಯಾಗಿದ್ದವನೆಂಬುದು ಅಲ್ಲಿ ಕೊನೆಗೆ ಬಯಲಾಗುತ್ತದೆ. ಪರಿಹಾಸದ ಚಿತ್ರವಾದರೂ ಮದುವೆಯು ಎರಡು ಮನೆಗಳ ವ್ಯವಹಾರವೆಂಬುದನ್ನು ಅದು ಶ್ರೀಮತಿ ವಿಲ್‌ನವ್ ಬಲ್ಲಂತೆ ಬಲ್ಲುದು.

೨೦೦೬ರಲ್ಲಿ ಡಿಸ್ನಿ ಸಂಸ್ಥೆಯು ಪಿಕ್ಸಾರ್ ಸಂಸ್ಥೆಯನ್ನು ಕೊಂಡುಕೊಂಡಿತು; ಅದರ ಹಿರಿಯರು ಅನಿಮೇಷನ್ ವಿಭಾಗದ ಆಡಳಿತವನ್ನು ವಹಿಸಿಕೊಂಡ ಮೇಲೆ ಈ ವಿಡಿಯೊ ಉತ್ತರಕಥೆಗಳನ್ನು ನಿಲ್ಲಿಸುವ ನಿರ್ಣಯವಾಯಿತು. ೨೦೦೮ರಲ್ಲಿ ಬಂದ ಏರಿಯಲಳ ಪೂರ್ವಕಥೆಯೊಡನೆ ರಾಜಕುಮಾರಿಯರ ಸಾಲು ಮುಗಿಯಿತು. ಆ ಕಮ್ಮಟವು ತನ್ನ ಕಸುಬನ್ನು ಕಲಿತುಕೊಂಡ ವರ್ಷವೇ ಅದರ ಕೆಲಸಕ್ಕೆ ತಡೆ ಬಿದ್ದುದು ವಿಧಿಯ ವಿನೋದ. ಮುಂದೆ ಉತ್ತರಕಥೆಯು ದೊಡ್ಡ ಬಂಡವಾಳದೊಡನೆ ಚಿತ್ರಮಂದಿರಕ್ಕೇ ಬಂದಿತು.

ಕ್ರಿಸ್ ಬಕ್, ಜೆನಿಫರ್ ಲೀ ಇವರು 'ಫ್ರೋಜನ್' ಚಿತ್ರದ ಎರಡು ಭಾಗಗಳನ್ನೂ ನಿರ್ದೇಶಿಸಿದವರು. ೨೦೧೩ರ ಮೊದಲ ಭಾಗವು ಮದುವೆಯಲ್ಲಿ ಮುಗಿಯದಿದ್ದುದರಿಂದಲೂ, ಅದರ ಕೇಂದ್ರವು ಇಬ್ಬರು ಸೋದರಿಯರ ವಾತ್ಸಲ್ಯವಾಗಿದ್ದುದರಿಂದಲೂ ಉತ್ತರಕಥೆಗೆ ಅನುಕೂಲವಾದ ನೆಲವು ಅಲ್ಲಿತ್ತು. ಆದರೆ ೨೦೧೯ರ ಚಿತ್ರವು ಕೇಳುವ ಪ್ರಶ್ನೆ ಎಲ್ಸಾಳಿಗೆ ಹಿಮದ ಶಕ್ತಿ ಎಲ್ಲಿಂದ ಬಂದಿತೆಂಬುದು. ಇದು ಯಾರಿಗೂ ಬೇಕಾಗಿರದ ಪ್ರಶ್ನೆ. ಅಜ್ಜಿಕಥೆಯಲ್ಲಿ ಶಕ್ತಿಗೆ ಕಾರಣ ಹೇಳಬೇಕಾಗಿಲ್ಲ. ಅದನ್ನು ಹೊತ್ತವರು ಏನು ಮಾಡಿದರೆಂಬುದು ಮಾತ್ರ ಕಥೆ. ಕಾರಣವನ್ನು ಹುಡುಕಹೊರಟ ಚಿತ್ರವು ನಾಲ್ಕು ಭೂತಗಳು, ಐದನೆಯದೊಂದು ತತ್ತ್ವ, ನೆನಪುಗಳನ್ನು ಹಿಡಿದಿಟ್ಟ ಹಿಮನದಿ, ತಾಯಿಯ ಪೂರ್ವವೃತ್ತಾಂತ ಇವೆಲ್ಲವನ್ನೂ ತಂದು ತುಂಬಿ ತಾನೇ ದಾರಿ ತಪ್ಪುತ್ತದೆ. ಚಿತ್ರಣದ ವೈಭವಕ್ಕೆ ಸಾಟಿಯಿಲ್ಲ. ಕಡಲ ಕತ್ತಲೆಯಲ್ಲಿ ನೀರಿನ ಕುದುರೆಯೊಡನೆ ಎಲ್ಸಾ ಹೋರಾಡುವ ನೋಟವನ್ನು ೧೯೯೦ರ ದಶಕದ ಯಾವ ಕ್ಯಾಸೆಟ್ಟೂ ಕನಸಿನಲ್ಲಿಯೂ ಕಂಡಿರಲಾರದು.

ಈ ಗೊಂದಲದ ನಡುವೆ ನಿಜವಾದ ಆಕಾಂಕ್ಷೆಯೊಂದು ತಲೆಯೆತ್ತುತ್ತದೆ. ಅರೆಂಡೆಲ್ ರಾಜ್ಯದ ಅಜ್ಜರಸ ರೂನಾರ್ಡನು ಕಾಡಿನ ಜನರಿಗೆ ಕಾಣಿಕೆಯೆಂದು ಕಟ್ಟಿಸಿದ ಅಣೆಕಟ್ಟು ಅವರನ್ನು ದುರ್ಬಲಗೊಳಿಸುವ ಉಪಾಯವಾಗಿತ್ತು. ಅವರ ಮುಖಂಡನನ್ನು ನಿರಾಯುಧನಾಗಿದ್ದಾಗ ಕೊಂದವನೂ ಆತನೇ. ಸುಖವಾಗಿದ್ದರೆಂದು ಮುಗಿದ ರಾಜ್ಯದ ಸುಖವು ಯಾರ ನೆಲದ ಮೇಲೆ ನಿಂತಿತ್ತೆಂಬ ಪ್ರಶ್ನೆಯಿದು. ಅಕ್ಕ ಹಿಮಗಟ್ಟಿ ಹೋದಳೆಂದೂ ಜೊತೆಗಾರನೂ ಕರಗಿದನೆಂದೂ ತಿಳಿದ ಅನ್ನಾ ಗವಿಯ ಕತ್ತಲಲ್ಲಿ ಒಬ್ಬಳೇ ಕುಳಿತು, ಮುಂದಣ ಒಂದು ಹೆಜ್ಜೆಯನ್ನು ಮಾತ್ರ ಕಂಡುಕೊಂಡು ಎದ್ದು ನಡೆಯುವ ಭಾಗವು ಈ ಎಲ್ಲ ಉತ್ತರಕಥೆಗಳಲ್ಲಿಯೂ ಶ್ರೇಷ್ಠವಾದುದೆಂದು ನಿಸ್ಸಂಶಯವಾಗಿ ಹೇಳಬಹುದು. ತನ್ನ ಊರು ಕೊಚ್ಚಿಹೋಗುವುದೆಂದು ತಿಳಿದೂ ಅವಳು ಅಣೆಕಟ್ಟನ್ನು ಒಡೆಯಿಸುತ್ತಾಳೆ. ಪ್ರವಾಹವು ಧಾವಿಸಿ ಬರುತ್ತದೆ. ಕೋಟೆಯ ಬಾಗಿಲಿಗೆ ಇನ್ನೇನು ಬಡಿಯಬೇಕು, ಆಗ ಎಲ್ಸಾ ನೀರ್ಗುದುರೆಯನ್ನೇರಿ ಬಂದು ಅದನ್ನು ತಡೆದು ಹಿಂದಕ್ಕೆ ಕಳಿಸುತ್ತಾಳೆ. ಒಂದು ಹೆಂಚೂ ಬೀಳುವುದಿಲ್ಲ. ಸತ್ತವಳು ಬದುಕಿದಳು, ಕರಗಿದವನು ಕೂಡಿಕೊಂಡನು, ಅನ್ಯಾಯವು ಪರಿಹಾರವಾಯಿತು, ಅನ್ಯಾಯದಿಂದ ಬಂದ ಮನೆಯೂ ಉಳಿಯಿತು. ಮನೆಯನ್ನು ಕಳೆದುಕೊಂಡ ಪ್ರಜೆಗಳ ಮುಂದೆ ನಿಂತು, ಒಡೆಯಿಸಿದವಳು ತಾನೇ ಎಂದು ಅನ್ನಾ ಹೇಳಬೇಕಾಗಿದ್ದರೆ ಅವಳು ಎಂಥ ರಾಣಿಯಾಗುತ್ತಿದ್ದಳೆಂಬುದನ್ನು ಚಿತ್ರವು ಕೇಳದೆ ಬಿಟ್ಟಿದೆ. ಮೂರನೆಯ ಭಾಗವೊಂದನ್ನು ತಯಾರಿಸುವುದಾಗಿ ಸಂಸ್ಥೆಯು ೨೦೨೩ರಲ್ಲಿ ಪ್ರಕಟಿಸಿತು. ಅದರ ಕರ್ತೃಗಳಿಗೆ ಬೇಕಾದ ಆಕಾಂಕ್ಷೆಯು ಆ ಒಡೆದ ಅಣೆಕಟ್ಟಿನ ಬಳಿಯಲ್ಲಿಯೇ ಬಿದ್ದಿದೆ.